ಬಣ್ಣ ಎಲ್ಲಿ ಹೋಯ್ತ್ರೀ?

ಕ್ಯಾಮೆರಾ ಕೊಂಡ ಸಾಫ್ಟ್‌ವೇರಿನವರಿಗೆಲ್ಲ ಒಂದಲ್ಲ ಒಂದು ದಿನ ಕಪ್ಪು-ಬಿಳುಪಿನ ಗೀಳು ಹತ್ತುತ್ತದೆ. ಸಾಧಾರಣ ಚಿತ್ರವೂ ಒಂದೇ ಕ್ಲಿಕ್ಕಿಗೆ ಘನಗಂಭೀರ!

ನಾನು ಕೆಲವು ಭಾನುವಾರ ಮಾರತಹಳ್ಳಿ ಆಚೆಯ ಶೆಡ್ಡುಗಳ ನಡುವೆ ಫೋಟೋ ತೆಗೆಯುತ್ತ ತಿರುಗಿದೆ. ತಗಡಿನ ಗೋಡೆ, ಮೇಲೆ ನೀಲಿ ತಾಡಪಾಲು. ಯಾದಗಿರಿ, ರಾಯಚೂರು ಕಡೆಯಿಂದ ಬಂದು ನಮ್ಮ ಅಪಾರ್ಟ್‌ಮೆಂಟುಗಳನ್ನು ಕಟ್ಟುವವರು, ಜೊತೆಗೆ ಬಂಗಾಳದವರು. ಯಾದಗಿರಿ ಕನ್ನಡ ಅಗಸೂರಿನ ನನಗೆ ಎರಡು ಸಲ ಕೇಳಿದರೆ ತಿಳಿಯುತ್ತದೆ. ನನ್ನದು ಅವರಿಗೂ ಅಷ್ಟೇ. ನಾನೂ ಗಂಗಾವಳಿ ದಂಡೆ ಬಿಟ್ಟು ಬಂದವನೇ. ಆದರೆ ನನ್ನನ್ನು ಯಾರೂ ವಲಸಿಗ ಅನ್ನುವುದಿಲ್ಲ ನೋಡಿ.

ಪ್ರಿಂಟು ಹಾಕಿಸಿ ಅಲ್ಲಿನ ಒಬ್ಬ ಅಕ್ಕನಿಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದರು. "ಬಣ್ಣ ಎಲ್ಲಿ ಹೋಯ್ತ್ರೀ ಅಣ್ಣಾರ? ಸತ್ತವರ ಫೋಟೋ ಇದ್ದಂಗ ಅದ."

ಅವತ್ತು ಅವರು ಉಟ್ಟಿದ್ದು ಅರಿಶಿನ ಬಣ್ಣದ ಸೀರೆ, ಕೈ ತುಂಬ ಹಸಿರು ಬಳೆ. ನಮ್ಮ ಬದಿಯಲ್ಲೂ ಜಗಲಿಯ ಗೋಡೆ ಮೇಲೆ ಕಪ್ಪು-ಬಿಳುಪಾಗಿ ಇರುವವರು ಅಜ್ಜಂದಿರೇ, ಗಂಧದ ಮಾಲೆ ಹಾಕಿಕೊಂಡು.

ಜೇಕಬ್ ರೀಸ್ ನೆನಪಾದ. ಡೆನ್ಮಾರ್ಕಿನಿಂದ 1870ರಲ್ಲಿ ನ್ಯೂಯಾರ್ಕಿಗೆ ಹೋದ ಈತ ಕೂಡ ವಲಸಿಗನೇ. ವಲಸಿಗರ ಕತ್ತಲೆ ಕೋಣೆಗಳಿಗೆ ರಾತ್ರಿ ನುಗ್ಗಿ, ಫ್ಲ್ಯಾಶ್ ಪುಡಿ ಉರಿಸಿ ತೆಗೆದ ಚಿತ್ರಗಳು 1890ರಲ್ಲಿ ಪುಸ್ತಕವಾದವು. 1901ರಲ್ಲಿ ಅಲ್ಲಿ ಬಾಡಿಗೆ ವಠಾರಗಳ ಕಾಯಿದೆ ಬಂದದ್ದರ ಹಿಂದೆ ಇಂಥ ಕೆಲಸಗಳಿದ್ದವು. ಉಪಯೋಗ ಆಯಿತು, ನಿಜ. ಆದರೆ ನಿದ್ದೆಗಣ್ಣಲ್ಲಿ ಬೆಚ್ಚಿಬಿದ್ದ ಆ ಮುಖಗಳನ್ನು ಯಾರು ಕೇಳಿದ್ದರು? ಅವನ ಕೈಯಲ್ಲಿ ಬಣ್ಣವಂತೂ ಇರಲಿಲ್ಲ. ನನಗಿದೆ.

ಇಲ್ಲಿನವರ ಹತ್ತಿರ ಕಪ್ಪು-ಬಿಳುಪಿನ ಮುಖ ಮೊದಲೇ ಉಂಟು, ಆಧಾರ್ ಝೆರಾಕ್ಸಿನಲ್ಲಿ! 2020ರ ಜನವರಿಯಲ್ಲಿ, ಇವರೆಲ್ಲ ಬಾಂಗ್ಲಾದೇಶದವರು ಎಂಬ ಗುಲ್ಲಿನ ಬೆನ್ನಿಗೆ ಹತ್ತಿರದ ಕರಿಯಮ್ಮನ ಅಗ್ರಹಾರದ ಶೆಡ್ಡುಗಳನ್ನು ಕೆಡವಿದಾಗ, ನಮ್ಮದೇ ಉತ್ತರ ಕರ್ನಾಟಕದವರೂ ಬೀದಿಗೆ ಬಿದ್ದರು. ಆಧಾರ್, ವೋಟರ್ ಕಾರ್ಡು ಎತ್ತಿ ತೋರಿಸಿದರು. ವಿಷಯ ಹೈಕೋರ್ಟಿನವರೆಗೂ ಹೋಯಿತು. ತಾನು ಯಾರು ಅಂತ ಸಾಬೀತು ಮಾಡಲಿಕ್ಕೆ ಇಟ್ಟುಕೊಂಡ ಮಸುಕು ಮುಖ ಅದು. ಇನ್ನೊಂದು ಮಸುಕು ಮುಖ ನಾನು ಯಾಕೆ ಕೊಡಲಿ?

ಬಣ್ಣದ ಪ್ರಿಂಟು ಕೊಟ್ಟು ಬಂದೆ. ಈಗ ಅಕ್ಕಪಕ್ಕದ ಐದು ಶೆಡ್ಡಿನವರಿಗೂ ಬೇಕಂತೆ. ಒಬ್ಬ ಹುಡುಗ ಮಾತ್ರ, ತನ್ನ ಹಿಂದೆ ವಿಧಾನಸೌಧ ಸೇರಿಸಿಕೊಡಬೇಕು ಅಂತ ಹಟ ಹಿಡಿದಿದ್ದಾನೆ.