ಕುಂಡದ ಮಣ್ಣಿನ ಹುಳುಗಳು

ಹೂಕುಂಡದ ಮಣ್ಣನ್ನು ಸಡಿಲಿಸುವಾಗ ಬೆಳ್ಳನೆಯ ಹುಳುವೊಂದು ಹೊರಳಿತೆಂದರೆ, ಅದು ಯಾವುದೆಂಬ ವಿಚಾರಕ್ಕಿಂತ ಮೊದಲು ಅದನ್ನು ಕೊಲ್ಲುವ ವಿಚಾರವು ಹುಟ್ಟುವುದು ಲೋಕರೂಢಿಯಾಗಿದೆ. ಒಬ್ಬರು ಕುದಿನೀರನ್ನು ಸುರಿಯುತ್ತಾರೆ. ಮತ್ತೊಬ್ಬರು ಅಂಗಡಿಯಿಂದ ಹುಳುಮದ್ದನ್ನು ತರಿಸುತ್ತಾರೆ. ಮಲ್ಲಿಗೆಯ ಕುಂಡದಲ್ಲಾದರೆ ಇದು ಬರಿಯ ಅವಿವೇಕವೆನ್ನಿಸಿಕೊಂಡು ಮುಗಿಯಬಹುದು. ತುಳಸಿಯ ವಿಷಯ ಹಾಗಲ್ಲ. ಬೇರು ಹೀರಿಕೊಂಡ ಕೆಲವು ವಿಷಗಳು ಎಲೆಯನ್ನು ಸೇರುತ್ತವೆ. ಆ ದಳವೇ ಬೆಳಿಗ್ಗೆ ತೀರ್ಥಕ್ಕೂ, ಸಂಜೆ ಕೆಮ್ಮುವ ಮಗುವಿನ ಕಷಾಯಕ್ಕೂ ಬೀಳತಕ್ಕದ್ದು.

ಆದಕಾರಣ ಮೊದಲು ಹುಳುವಿನ ಗುರುತನ್ನು ಹಿಡಿಯಬೇಕು. ಬಿಳಿಯ ತಟ್ಟೆಯಲ್ಲಿ ಒಂದು ಹಿಡಿ ಮಣ್ಣನ್ನು ಹರಡಿ, ಭೂತಗನ್ನಡಿಯನ್ನು ಹಿಡಿದು, ಎರಡು ಸಂಗತಿಗಳನ್ನು ನೋಡಿದರೆ ಬಹುಮಟ್ಟಿಗೆ ಸಾಕು: ತಲೆಯು ಬೇರೆಯಾಗಿ ಕಾಣುತ್ತದೆಯೆ? ಕಾಲುಗಳಿವೆಯೆ?

ತಲೆಯೂ ಕಾಣದೆ, ಕಾಲೂ ಇಲ್ಲದೆ, ಮೈಯೆಲ್ಲ ಉಂಗುರಗಳಿದ್ದರೆ ಅದು ಎರೆಹುಳುವಿನ ಬಳಗ. ಹತ್ತಿಯ ನೂಲಿನ ತುಂಡುಗಳಂತೆ ಬೆಳ್ಳಗೆ ಗುಂಪುಗೂಡಿರುವ ಸಣ್ಣ ಹುಳುಗಳೂ ಅದರ ದಾಯಾದಿಗಳೇ. ಕೊಳೆತ ಎಲೆಯೇ ಅವುಗಳ ಆಹಾರ, ಜೀವಂತವಾದ ಬೇರಿನ ಗೊಡವೆ ಅವಕ್ಕಿಲ್ಲ. ಅಮರಸಿಂಹನು ಎರೆಹುಳುವಿಗೆ ಗಂಡೂಪದ, ಕಿಂಚುಲಕ ಎಂಬ ಹೆಸರುಗಳನ್ನು ಕೊಟ್ಟು, ವಾರಿವರ್ಗದಲ್ಲಿ ಜಲಚರಗಳ ಜತೆಗೆ ಕೂಡಿಸಿದ್ದಾನೆ. ಚರ್ಮದಿಂದಲೇ ಉಸಿರಾಡುತ್ತ, ತೇವವಿಲ್ಲದೆ ಬದುಕಲಾರದ ಪ್ರಾಣಿಗೆ ಆ ಸ್ಥಾನವು ಅನುಚಿತವೇನೂ ಅಲ್ಲ. ಚಾರ್ಲ್ಸ್ ಡಾರ್ವಿನ್ ಪಂಡಿತನು 1881ರಲ್ಲಿ ಎರೆಹುಳುವನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದನು. ಅದಕ್ಕಾಗಿ ಇವನ್ನು ಕುಂಡಗಳಲ್ಲಿ ಸಾಕಿ, ತಿಂಗಳುಗಟ್ಟಲೆ ತನ್ನ ಓದುವ ಕೋಣೆಯಲ್ಲಿ ಇರಿಸಿಕೊಂಡಿದ್ದನು. ಪಿಯಾನೋ ವಾದ್ಯವನ್ನು ಎಷ್ಟು ಗಟ್ಟಿಯಾಗಿ ನುಡಿಸಿದರೂ ಅವು ಕದಲಲಿಲ್ಲ. ಕುಂಡವನ್ನು ಆ ವಾದ್ಯದ ಮೇಲೆಯೇ ಇಟ್ಟು ನುಡಿಸಿದಾಗ ಮಾತ್ರ, ಕಂಪನವನ್ನರಿತು, ಥಟ್ಟನೆ ಬಿಲವನ್ನು ಹೊಕ್ಕವು. ಅಷ್ಟು ತಾಳ್ಮೆ ಎಲ್ಲರಿಗೂ ಬೇಕಿಲ್ಲ. ಅರ್ಧ ಗಳಿಗೆಯ ನೋಟವಾದರೂ ಬೇಡವೆ?

ಕಾಲಿಲ್ಲದೆ, ಗಾಜಿನಂತಹ ಮೈಯ ತುದಿಯಲ್ಲಿ ಹೊಳೆಯುವ ಕರಿಯ ತಲೆಯಿದ್ದರೆ, ಅದು ಕುಂಡದ ಮೇಲೆ ನೊರಜಿನಂತೆ ಹಾರಾಡುವ ಸಣ್ಣ ಕರಿನೊಣದ ಮರಿ. ಬೂಷ್ಟು ಅದರ ಮುಖ್ಯ ಆಹಾರ. ಸಂಖ್ಯೆ ಹೆಚ್ಚಿದರೆ ಎಳೆಯ ಬೇರನ್ನೂ ಕಡಿಯುತ್ತದೆ. ಹಸಿ ಆಲೂಗಡ್ಡೆಯ ಬಿಲ್ಲೆಯೊಂದನ್ನು ಮಣ್ಣಿನ ಮೇಲಿಟ್ಟು, ಎರಡು ಮೂರು ದಿನಗಳಾದ ಮೇಲೆ ಮಗುಚಿದರೆ ಅಡಿಯಲ್ಲಿ ಅವು ಸೇರಿರುತ್ತವೆ. ಮೇಲಿನ ಒಂದು ಅಂಗುಲ ಮಣ್ಣು ಒಣಗುವವರೆಗೆ ನೀರನ್ನು ತಡೆಯುವುದೇ ಇದಕ್ಕೆ ಮದ್ದು. ನಿತ್ಯವೂ ತುಂಬಿದ ಚೊಂಬನ್ನು ಸುರಿಯುವ ಮನೆಗಳಲ್ಲಿ ಈ ಮಾತು ರುಚಿಸಲಾರದು. ಆದರೆ ಒಂದು ಉದ್ಧರಣೆ ನೀರಿನಿಂದಲೂ ಪೂಜೆ ಸಲ್ಲುತ್ತದೆ.

ಮುಟ್ಟಿದೊಡನೆ ಚಿಮ್ಮುವ, ಎಳ್ಳಿಗಿಂತ ಚಿಕ್ಕದಾದ ಆರು ಕಾಲಿನ ಬಿಳಿಯ ಕೀಟವು ನಿರಪಾಯ. ಆರು ಕಾಲುಗಳೂ ಕಂದು ತಲೆಯೂ ಉಳ್ಳ, ಕೊಕ್ಕೆಯಂತೆ ಬಾಗಿದ ದಪ್ಪ ಹುಳುವಾದರೋ ಗೊಣ್ಣೆಹುಳು. ಮುಂಗಾರಿನ ಮೊದಲ ಮಳೆಗೆ ಬೇವಿನ ಮರವನ್ನು ಮುತ್ತುವ ದುಂಬಿಯ ಮರಿಯಿದಾದರೆ ಗಿಡವನ್ನು ಬೇರುಸಹಿತ ತಿಂದು ಕೆಡಹುತ್ತದೆ. ಗೊಬ್ಬರದೊಡನೆ ಬಂದ ಇನ್ನೊಂದು ಜಾತಿಯು ಕೊಳೆತುದನ್ನೇ ತಿನ್ನುವುದು ನಿಜ, ಆದರೆ ಬೆಳೆದ ಮೇಲೆ ತೆಂಗಿನ ಸುಳಿಯನ್ನು ಕೊರೆಯುತ್ತದೆ. ಎರಡನ್ನೂ ಕೈಯಿಂದ ಆಯ್ದು ಅಂಗಳಕ್ಕೆ ಹಾಕಿದರೆ ಉಳಿದುದನ್ನು ಕಾಗೆ ನೋಡಿಕೊಳ್ಳುತ್ತದೆ.

ಗಿಡವು ಸೊರಗುತ್ತಿದ್ದೂ ಒಂದು ಹುಳುವೂ ಕಾಣದಿದ್ದರೆ ಬೇರನ್ನು ತೊಳೆದು ನೋಡತಕ್ಕದ್ದು. ಅಲ್ಲಲ್ಲಿ ಗಂಟುಗಳಿದ್ದರೆ ಅದು ಕಣ್ಣಿಗೆ ಬೀಳದ ಜಂತುಹುಳುವಿನ ಕೆಲಸ. ಅಂತಹ ಗಿಡವನ್ನು ತೆಗೆದುಹಾಕಿ, ಬೇರೆ ಮಣ್ಣಿನಲ್ಲಿ ಬೀಜದಿಂದ ಹೊಸ ಸಸಿಯನ್ನು ಎಬ್ಬಿಸುವುದು ಲೇಸು. ಹಳೆಯ ಮಣ್ಣನ್ನು ಮಾತ್ರ ಪಕ್ಕದ ಕುಂಡಕ್ಕೆ ಸುರಿಯಬಾರದು.