ಲಕ್ಷದ ಮೇಲೆ ತೊಂಬತ್ತಾರು ಸಾವಿರ

ಬಸವಕಲ್ಯಾಣದ ಶರಣ ಪರಂಪರೆಯಲ್ಲಿ ಎರಡು ಸಂಖ್ಯೆಗಳು ಮತ್ತೆ ಮತ್ತೆ ಕೇಳಿಬರುತ್ತವೆ: ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆರೆದಿದ್ದರೆನ್ನಲಾಗುವ 1,96,000 ಜಂಗಮರು ಮತ್ತು ಅನುಭವ ಮಂಟಪದ 770 ಅಮರಗಣಂಗಳು. ಭಕ್ತರಿಗೆ ಇವು ಮಹಿಮೆಯನ್ನು ಸಾರುವ ಸಂಖ್ಯೆಗಳು, ಚರಿತ್ರಕಾರರಿಗೆ ಪರಿಶೀಲನೆಯ ವಿಷಯ. ಆದರೆ ಅಂಕಿಗಳನ್ನು ಬಿಡಿಸಿ ನೋಡುವ ಹವ್ಯಾಸವುಳ್ಳವರಿಗೆ ಇವು ತಮ್ಮದೇ ಒಳರಚನೆಯುಳ್ಳ, ಕಾಗದ ಮತ್ತು ಪೆನ್ಸಿಲ್ಲಿನಷ್ಟರಿಂದಲೇ ಪರಿಚಯವಾಗುವ ಪೂರ್ಣಾಂಕಗಳು.

ಆ ಪರಿಚಯ ಅಪವರ್ತನದಿಂದ ಆರಂಭವಾಗುತ್ತದೆ. ಎಂದರೆ, ಸಂಖ್ಯೆಯನ್ನು 2, 3, 5, 7ರಂತಹ ಅವಿಭಾಜ್ಯಗಳ, ಅಂದರೆ ಒಂದರಿಂದಲೂ ತಮ್ಮಿಂದಲೂ ಮಾತ್ರ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗಳ, ಗುಣಲಬ್ಧವಾಗಿ ಬಿಡಿಸಬೇಕು. 1,96,000ವನ್ನು ಎರಡರಿಂದ ಐದು ಬಾರಿ, ಐದರಿಂದ ಮೂರು ಬಾರಿ, ಏಳರಿಂದ ಎರಡು ಬಾರಿ ಭಾಗಿಸಿದರೆ ಕೊನೆಗೆ ಒಂದು ಉಳಿಯುತ್ತದೆ. ಅದರ ಯಾವುದೇ ಭಾಜಕವನ್ನು ಕಟ್ಟುವಾಗ ಎರಡನ್ನು ಆರು ಬಗೆಯಲ್ಲಿ, ಐದನ್ನು ನಾಲ್ಕು ಬಗೆಯಲ್ಲಿ, ಏಳನ್ನು ಮೂರು ಬಗೆಯಲ್ಲಿ (ಒಮ್ಮೆಯೂ ತೆಗೆದುಕೊಳ್ಳದಿರುವುದೂ ಒಂದು ಬಗೆಯೇ) ಆಯಬಹುದಾದ್ದರಿಂದ ಭಾಜಕಗಳು ಒಟ್ಟು 72. ಇನ್ನು 770 ಎಂಬುದು 2, 5, 7, 11ರ ಗುಣಲಬ್ಧ; ದೊಡ್ಡ ಸಂಖ್ಯೆಯನ್ನು ಕಟ್ಟಿದ ಆ ಮೂರೇ ಅವಿಭಾಜ್ಯಗಳ ಜೊತೆಗೆ ಹನ್ನೊಂದು ಸೇರಿಕೊಂಡಿದೆ, ಮತ್ತು ಅದರ ಹದಿನಾರು ಭಾಜಕಗಳನ್ನು ಕೂಡಿಸಿದರೆ ಬರುವ 1,728 ಹನ್ನೆರಡರ ಘನವಾಗಿದೆ.

ಇದಕ್ಕಿಂತ ಸೊಗಸಾದ ಗುಣ 1,96,000ದ ಹತ್ತನೆಯ ಒಂದು ಭಾಗವಾದ 19,600ರಲ್ಲಿದೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ತೆಂಗಿನಕಾಯಿಗಳನ್ನು ತ್ರಿಕೋನಾಕಾರದ ತಳದ ಮೇಲೆ, ತುದಿಯಲ್ಲಿ ಒಂದು, ಅದರ ಕೆಳಗೆ ಮೂರು, ಅದರ ಕೆಳಗೆ ಆರು ಬರುವಂತೆ, 48 ಪದರಗಳಲ್ಲಿ ಪೇರಿಸಿದರೆಂದು ಭಾವಿಸಿದರೆ, ರಾಶಿಯಲ್ಲಿ ಸರಿಯಾಗಿ 19,600 ಕಾಯಿಗಳಿರುತ್ತವೆ. ಇಂತಹ ರಾಶಿಯನ್ನು ಚಿತಿಘನವೆಂದು ಕರೆದ ಆರ್ಯಭಟನು 499ರ ಆರ್ಯಭಟೀಯದಲ್ಲಿ ಅದರ ಸೂತ್ರವನ್ನು ಕೊಟ್ಟಿದ್ದಾನೆ: ಪದರಗಳ ಸಂಖ್ಯೆಯನ್ನೂ ಅದರ ಮುಂದಿನ ಎರಡು ಸಂಖ್ಯೆಗಳನ್ನೂ ಗುಣಿಸಿ ಆರರಿಂದ ಭಾಗಿಸಬೇಕು. ಇಲ್ಲಿ 48 ಮತ್ತು 50ರ ಗುಣಲಬ್ಧದ ಆರನೆಯ ಒಂದು ಭಾಗ 400, ಅದು ಇಪ್ಪತ್ತರ ವರ್ಗ. ನಡುವಿನ 49 ಏಳರ ವರ್ಗ. ಆದ್ದರಿಂದ ಇಡೀ ರಾಶಿ 140ರ ವರ್ಗ. ಅವೇ ಕಾಯಿಗಳನ್ನು ನೆಲದ ಮೇಲೆ ಸಾಲಿಗೆ 140ರಂತೆ ಹರಡಿದರೆ ಒಂದೂ ಹೆಚ್ಚುಕಡಿಮೆಯಾಗದೆ 140 ಸಾಲುಗಳಾಗುತ್ತವೆ, ಅಂತಹ ಹತ್ತು ಚೌಕಗಳು ಸೇರಿದರೆ ಕಲ್ಯಾಣದ ಸಂಖ್ಯೆಯಾಗುತ್ತದೆ. ಚಿತಿಘನವೂ ವರ್ಗವೂ ಆಗಿರುವ ಸಂಖ್ಯೆಗಳು 1, 4 ಮತ್ತು 19,600 ಮಾತ್ರ, ಮುಂದೆ ಎಷ್ಟು ದೂರ ಎಣಿಸಿದರೂ ನಾಲ್ಕನೆಯದಿಲ್ಲ ಎಂಬುದನ್ನು 1878ರಲ್ಲಿ ಎ. ಜೆ. ಜೆ. ಮೇಲ್ ಸಾಧಿಸಿದರು.

ದೊಡ್ಡ ಸಂಖ್ಯೆಗಳ ಮೇಲಿನ ಒಲವು ಈ ನೆಲಕ್ಕೆ ಹೊಸದಲ್ಲ. ಹುಮನಾಬಾದಿನ ದಕ್ಷಿಣಕ್ಕಿರುವ ಮಳಖೇಡವನ್ನು ರಾಜಧಾನಿಯಾಗಿ ಪಡೆದಿದ್ದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದನು. ಲಕ್ಷವು ಅವುಗಳಲ್ಲಿ ಆರನೆಯದು ಮಾತ್ರ.

ಈ ಗುಣಗಳಿಂದ ಜಂಗಮರ ಎಣಿಕೆ ನಿಜವೆಂದಾಗಲಿ ಅಲ್ಲವೆಂದಾಗಲಿ ಸಿದ್ಧವಾಗುವುದಿಲ್ಲ, ಅದನ್ನು ಅವುಗಳಿಂದ ನಿರೀಕ್ಷಿಸಲೂಬಾರದು. 1,96,000ಕ್ಕೆ ಮಹಿಮೆಯನ್ನು ತುಂಬಿದ್ದು ಪರಂಪರೆ. ಅದರೊಳಗಿನ ಎರಡು, ಐದು, ಏಳುಗಳನ್ನು ಯಾರೂ ತುಂಬಿದ್ದಲ್ಲ, ಅವು ಭಾಗಿಸಿ ನೋಡಿದ ಎಲ್ಲರಿಗೂ ಒಂದೇ ರೀತಿಯಲ್ಲಿ ದೊರೆಯುತ್ತವೆ. ಪಂಡಿತನಿಗೂ ಶಾಲೆಯ ಮಗುವಿಗೂ ಒಂದೇ ಉತ್ತರ ಕೊಡುವ ಈ ನಿಷ್ಪಕ್ಷಪಾತವೇ ಸಂಖ್ಯೆಗಳನ್ನು ಬಿಡಿಸುವ ಹವ್ಯಾಸದ ನಿಜವಾದ ಸುಖ.