ಎಲ್ಲ ಪಕ್ಷಗಳೂ ಒಂದೇ ಅಲ್ಲ

ಪುತ್ತೂರಿನ ದರ್ಬೆ ವೃತ್ತದ ಬಳಿ ಚಹಾ ಕುಡಿಯುವವರ ಮಾತು ಅಡಿಕೆ ಧಾರಣೆಯಿಂದ ಹೊರಟು ಓಟಿಗೆ ಬಂದು ಮುಟ್ಟಲು ಹೆಚ್ಚು ಹೊತ್ತು ಬೇಡ. “ಎಲ್ಲ ಪಕ್ಷಗಳೂ ಒಂದೇ ಮಾರಾಯ್ರೆ” ಎಂದು ಒಬ್ಬರು ಹೇಳಿಯೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವು ನಮ್ಮ ಮನೆಗಳಿಗೆ ಬಂದ ದಾರಿಗಳೇ ಬೇರೆ.

ಕಾಂಗ್ರೆಸ್ ಸ್ವಾತಂತ್ರ್ಯ ಚಳವಳಿಯ ಜೊತೆ ಬಂತು. ಆದರೆ ಬಡವರ ಮನೆಯಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು 1974ರ ಭೂಮಸೂದೆಯಿಂದ. ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ ಗೇಣಿ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು, ಭೂ ನ್ಯಾಯಮಂಡಳಿಯಲ್ಲಿ ಧಣಿಯ ಎದುರು ನಿಂತು, ತಾವು ಉತ್ತ ನೆಲವನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಜನಸಂಘದ ದಾರಿ ಆರೆಸ್ಸೆಸ್ ಶಾಖೆಯದು. 1951ರಲ್ಲಿ ಹುಟ್ಟಿದ ಆ ಪಕ್ಷ ಅಧಿಕಾರ ಕಾಣದ ವರ್ಷಗಳಲ್ಲೂ ಮನೆಮನೆಗೆ ಹೋಗುವ ಕಾರ್ಯಕರ್ತರನ್ನು ಬೆಳೆಸಿತು.

ಚಿಹ್ನೆಗಳ ಕಥೆಯೂ ಸ್ವಾರಸ್ಯದ್ದು. ಕಾಂಗ್ರೆಸ್ಸಿನ ಜೋಡೆತ್ತು 1969ರ ಒಡಕಿನ ಬಳಿಕ ಹಸು-ಕರುವಾಗಿ, ಆಮೇಲೆ ಕೈಯಾಯಿತು. ಜನಸಂಘದ ದೀಪ ತುರ್ತುಪರಿಸ್ಥಿತಿ ಮುಗಿದಾಗ ಜನತಾ ಪಕ್ಷದ ನೇಗಿಲು ಹೊತ್ತ ರೈತನಲ್ಲಿ ಸೇರಿತು. ಆರೆಸ್ಸೆಸ್ ನಂಟು ಬಿಡಬೇಕೆಂಬ ಜಗಳದಲ್ಲಿ ಜನತಾ ಒಡೆದು, 1980ರಲ್ಲಿ ಬಿಜೆಪಿಯ ಕಮಲ ಅರಳಿತು. ನಮ್ಮಲ್ಲೂ ಹಾಗೆಯೇ: ಉರಿಮಜಲು ರಾಮ ಭಟ್ಟರು ಪುತ್ತೂರಿನಿಂದ 1978ರಲ್ಲಿ ಜನತಾದಿಂದ, 1983ರಲ್ಲಿ ಬಿಜೆಪಿಯಿಂದ ಗೆದ್ದರು. 1978ರಲ್ಲಿ ರಾಜ್ಯವನ್ನು ಗೆದ್ದದ್ದು ಅರಸರ ಕಾಂಗ್ರೆಸ್. ಭೂಮಸೂದೆ ಜಾರಿಯಾದ ನಾಲ್ಕೇ ವರ್ಷಕ್ಕೆ ಪುತ್ತೂರು ಬೇರೆ ದಾರಿ ಹಿಡಿದಿತ್ತು!

ಆಮೇಲೆ ವಿನಯ ಕುಮಾರ್ ಸೊರಕೆ ಎರಡು ಸಲ ಕಾಂಗ್ರೆಸ್ಸಿಗೆ ಗೆದ್ದುಕೊಟ್ಟರು, ಡಿ.ವಿ. ಸದಾನಂದ ಗೌಡರು ಎರಡು ಸಲ ಬಿಜೆಪಿಗೆ. ಶಕುಂತಳಾ ಶೆಟ್ಟಿ 2004ರಲ್ಲಿ ಕಮಲದಿಂದ, 2013ರಲ್ಲಿ ಕೈಯಿಂದ ಶಾಸಕಿಯಾದರು. 2023ರಲ್ಲಿ ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ ಗೆದ್ದಾಗ ಎರಡನೆಯ ಸ್ಥಾನ ಪಕ್ಷೇತರ ಅರುಣ್ ಕುಮಾರ್ ಪುತ್ತಿಲರಿಗೆ ಸಿಕ್ಕಿತು, ಬಿಜೆಪಿ ಮೂರನೆಯದಾಯಿತು.

ಇದರಿಂದ ನನಗೆ ಅನಿಸುವುದಿಷ್ಟು: ಅಜ್ಜನಿಗೆ ಜಾಗ ಕೊಟ್ಟ ಋಣದಲ್ಲಿ ಮೊಮ್ಮಗನ ಓಟು ಬರುವುದಿಲ್ಲ, ಅಪ್ಪ ಶಾಖೆಗೆ ಹೋಗಿದ್ದನೆಂದು ಮಗ ಕಣ್ಣುಮುಚ್ಚಿ ಒತ್ತುವುದೂ ಇಲ್ಲ. ಹಾಗೆಂದು ಪಕ್ಷಗಳ ನಡುವೆ ವ್ಯತ್ಯಾಸ ಅಳಿದಿಲ್ಲ. ಯಾರ ಬದುಕನ್ನು ಯಾವ ಪಕ್ಷ ಬದಲಿಸಿತು, ಯಾರ ಬಾಗಿಲಿಗೆ ಅದು ಹೋಗಲೇ ಇಲ್ಲ ಎಂಬುದರಲ್ಲಿ ಅದಿದೆ. ಪ್ರತಿ ತಲೆಮಾರೂ ಆ ಲೆಕ್ಕವನ್ನು ಹೊಸದಾಗಿ ಕೇಳಬೇಕು. ಪಕ್ಷವೆಲ್ಲ ಒಂದೇ ಎಂದುಬಿಟ್ಟರೆ ಲೆಕ್ಕ ಕೇಳುವ ಹಕ್ಕನ್ನೇ ನಾವು ಬಿಟ್ಟುಕೊಟ್ಟಂತೆ.